ದೂರದ ಪಾಠದಲ್ಲಿ ಚಿತ್ರ ಮತ್ತು ಸಂಗೀತ

(ಬಾನುಲಿ ಭಾಷಣದ ಬರಹರೂಪ)

ಶಾಲೆಯ ವೇಳಾಪಟ್ಟಿಯಲ್ಲಿ ಚಿತ್ರಕಲೆಗೂ ಸಂಗೀತಕ್ಕೂ ವಿಚಿತ್ರವಾದ ಒಂದು ಸ್ಥಾನವುಂಟು. ಪಟ್ಟಿಯಲ್ಲಿ ಅವುಗಳ ಹೆಸರು ಇರುತ್ತದೆ. ತರಗತಿಯಲ್ಲಿ ಅವು ಕಾಣಿಸಿಕೊಳ್ಳುವುದು ಅಪರೂಪ. ಪರೀಕ್ಷೆ ಹತ್ತಿರ ಬಂದಿತೆಂದರೆ ಗಣಿತದ ಮೇಷ್ಟರು ಮೊದಲು ಸಾಲ ಕೇಳುವುದು ಡ್ರಾಯಿಂಗ್ ಪೀರಿಯಡ್ಡನ್ನೇ. ಆ ಸಾಲ ತೀರಿದ ದಾಖಲೆ ಯಾವ ಶಾಲೆಯಲ್ಲಿಯೂ ಸಿಕ್ಕಲಾರದು. ಎಷ್ಟೋ ಪ್ರೌಢಶಾಲೆಗಳಲ್ಲಿ ಸಾಲ ಕೊಡುವುದಕ್ಕೂ ಚಿತ್ರಕಲೆಯ ಮೇಷ್ಟರಿಲ್ಲ. ಸಂಗೀತದ ಮೇಷ್ಟರಂತೂ ಇನ್ನೂ ವಿರಳ. 'ಐಚ್ಛಿಕ ವಿಷಯ' ಎಂಬ ಮಾತಿನೊಳಗೆ ಇಚ್ಛೆ ಎಂಬ ಪದವಿದೆ. ಇಚ್ಛೆಪಟ್ಟು ಆರಿಸಿಕೊಳ್ಳಬೇಕಾದರೆ ಆರಿಸಿಕೊಳ್ಳುವ ವಸ್ತು ಎದುರಿಗೆ ಇರಬೇಕು. ಅಂಗಡಿಯಲ್ಲಿ ಇಲ್ಲದ ಸರಕನ್ನು ಗಿರಾಕಿಯೇ ಬೇಡವೆಂದನೆಂದು ಹೇಳುವುದು ನ್ಯಾಯವಲ್ಲ.

ಈಚಿನ ವರ್ಷಗಳಲ್ಲಿ ಈ ಕೊರತೆಗೆ ಒಂದು ಪರಿಹಾರ ತೋರಿಬಂದಿದೆ. ಮೇಷ್ಟರು ಊರಿಗೆ ಬರಲಾರದಿದ್ದರೆ ಅವರ ಪಾಠವಾದರೂ ಅಂತರ್ಜಾಲದ ಮೂಲಕ ಬರಲಿ ಎಂಬುದೇ ಅದು. ಗಣಿತವೂ ವಿಜ್ಞಾನವೂ ಹಾಗೆ ಬರುತ್ತಿವೆ. ಚಿತ್ರವೂ ಸಂಗೀತವೂ ಬರಬಲ್ಲವೆ? ಬಂದರೆ ಎಷ್ಟು ಬಂದಾವು, ಯಾವುದು ದಾರಿಯಲ್ಲಿಯೇ ಉಳಿದುಹೋದೀತು? ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ಊರುಗಳ ಸೀಮೆಯನ್ನು ಕಣ್ಣಮುಂದೆ ಇಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರ ಮಾಡಬಹುದು.

ಈ ಊರುಗಳನ್ನೇ ಆರಿಸಿಕೊಂಡದ್ದಕ್ಕೆ ಕಾರಣವುಂಟು. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಹೊಸ ಜಿಲ್ಲೆಯಾದ ಈ ಸೀಮೆ ಬೆಂಗಳೂರಿಗೆ ದೂರವೇನೂ ಅಲ್ಲ. ಬಸ್ಸು ಹತ್ತಿದರೆ ಎರಡು ಗಂಟೆಯ ದಾರಿ. ಆದರೆ ಆ ಎರಡು ಗಂಟೆ ಹೈಸ್ಕೂಲು ಹುಡುಗಿಯೊಬ್ಬಳಿಗೆ ಸಾಯಂಕಾಲದ ಸಂಗೀತ ಪಾಠಕ್ಕೆ ಹೋಗಿ ಬರುವುದಕ್ಕೆ ಸಾಲದು. ರಾಜಧಾನಿಯಲ್ಲಿ ಗಾಯನ ಸಭೆಗಳಿವೆ, ಚಿತ್ರಕಲಾ ಪರಿಷತ್ತಿದೆ; ದೀಪದ ಬುಡದಲ್ಲಿ ಕತ್ತಲೆಯೆಂಬಂತೆ ಪಕ್ಕದ ಊರುಗಳಿಗೆ ಅವುಗಳ ಬೆಳಕು ಬೀಳುವುದಿಲ್ಲ. ದೂರದ ಪಾಠದಿಂದ ಹೆಚ್ಚಿನ ಪ್ರಯೋಜನ ಆಗಬೇಕಾದದ್ದು ಇಂಥ ಊರುಗಳಿಗೇ.

ದೂರದಿಂದ ಕಲಿಯುವುದು ನಮಗೆ ಹೊಸ ಸಂಗತಿಯೇನಲ್ಲ. ಏಕಲವ್ಯ ಮಣ್ಣಿನ ಗುರುವನ್ನು ಮಾಡಿಕೊಂಡು ಬಿಲ್ವಿದ್ಯೆ ಕಲಿತ ಕಥೆ ಎಲ್ಲರಿಗೂ ಗೊತ್ತು. ಗ್ರಾಮಫೋನ್ ತಟ್ಟೆಗಳನ್ನು ಸವೆಯುವವರೆಗೆ ಹಾಕಿ ಕೇಳಿ ಹಾಡು ಕಲಿತವರು ನಮ್ಮ ಹಿರಿಯರಲ್ಲಿ ಅನೇಕರಿದ್ದರು. 1935ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಬಾನುಲಿ ಪ್ರಸಾರ ಆರಂಭಿಸಿದ ಮೇಲೆ, ದೂರದ ವಿದ್ವಾಂಸರ ಕಂಠ ನಾಡಿನ ನಡುಮನೆಗಳಿಗೆ ಬಂದಿತು. ಮುಂದೆ ಶಾಲಾ ಪ್ರಸಾರಗಳು ಬಂದವು. 2004ರಲ್ಲಿ ಶಿಕ್ಷಣಕ್ಕಾಗಿಯೇ ಎಜುಸ್ಯಾಟ್ ಉಪಗ್ರಹ ಮೇಲೇರಿದಾಗ ಅದರ ಮೊದಲ ಪ್ರಯೋಗಗಳಲ್ಲಿ ಒಂದು ನಮ್ಮ ಚಾಮರಾಜನಗರದ ಪ್ರಾಥಮಿಕ ಶಾಲೆಗಳಲ್ಲಿ ನಡೆಯಿತು. 2020ರ ಮಾರ್ಚಿಯಲ್ಲಿ ಕೊರೋನಾ ಸೋಂಕಿನಿಂದ ಶಾಲೆಗಳು ಮುಚ್ಚಿದಾಗ ದೂರದರ್ಶನದ ಚಂದನ ವಾಹಿನಿ ಪ್ರೌಢಶಾಲೆಯ ಮಕ್ಕಳಿಗೆ ಪಾಠಗಳನ್ನು ಬಿತ್ತರಿಸಿತು. ಆ ವರ್ಷದ ಆಗಸ್ಟಿನಲ್ಲಿ 'ವಿದ್ಯಾಗಮ'ವೆಂಬ ಹೆಸರಿನಲ್ಲಿ ಉಪಾಧ್ಯಾಯರು ಮಕ್ಕಳಿದ್ದ ಕಡೆಗೇ ಹೋಗಿ, ಗುಡಿಯ ಅಂಗಳದಲ್ಲಿಯೂ ಮರದ ನೆರಳಿನಲ್ಲಿಯೂ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು.

ಆ ಕಾಲ ನಮಗೆ ಎರಡು ಸಂಗತಿಗಳನ್ನು ತಿಳಿಸಿಕೊಟ್ಟಿತು. ಒಂದು, ಮನೆಗೆ ಒಂದೇ ಮೊಬೈಲ್ ಫೋನು. ಅದು ಬೆಳಗ್ಗೆ ತಂದೆಯ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತದೆ. ಎರಡು, ಸಮಯ ಕಡಮೆಯಾದಾಗ ಎಲ್ಲರ ಗಮನವೂ ಪರೀಕ್ಷೆಯ ವಿಷಯಗಳ ಕಡೆಗೇ ಹರಿಯುತ್ತದೆ. ಮನೆಯೊಳಗೆ ಕೂಡಿಟ್ಟಂತಿದ್ದ ಮಗುವಿಗೆ ಒಂದು ಹಾಡು, ಒಂದು ಚಿತ್ರ ಯಾವಾಗಲಾದರೂ ಬೇಕಾಗಿದ್ದರೆ ಅದು ಆಗಲೇ. ಆದರೆ ಪಟ್ಟಿಯಿಂದ ಮೊದಲು ಬಿದ್ದುಹೋದವು ಅವೇ.

ಹಾಗಾದರೆ ನಿಯಮದಲ್ಲಿ ಇವಕ್ಕೆ ಎಡೆಯಿಲ್ಲವೆ? ಇದೆ. 1979ರಲ್ಲಿ ಕೇಂದ್ರ ಪ್ರೌಢ ಶಿಕ್ಷಣ ಮಂಡಳಿಯ ಒಂದು ಯೋಜನೆಯಾಗಿ ಹುಟ್ಟಿ, 1989ರಲ್ಲಿ ಸ್ವತಂತ್ರ ಸಂಸ್ಥೆಯಾದ ರಾಷ್ಟ್ರೀಯ ಮುಕ್ತ ಶಾಲೆ ಇಂದು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಎನಿಸಿಕೊಂಡಿದೆ. ಅಲ್ಲಿ ಹತ್ತನೆಯ ತರಗತಿಯ ಮಟ್ಟಕ್ಕೆ ಐದು ವಿಷಯಗಳನ್ನು ಆರಿಸಿಕೊಳ್ಳಬೇಕು. ಅವುಗಳಲ್ಲಿ ಚಿತ್ರಕಲೆಯೋ ಸಂಗೀತವೋ ಒಂದಾಗಿರಬಹುದು. ಸಮಾಜ ವಿಜ್ಞಾನಕ್ಕೆ ಇರುವ ಬೆಲೆಯೇ ಅದಕ್ಕೂ ಉಂಟು. ನಮ್ಮ ರಾಜ್ಯದ ದ್ವಿತೀಯ ಪಿ.ಯು.ಸಿ. ಪರೀಕ್ಷೆಯ ವಿಷಯಗಳಲ್ಲಿ ಕರ್ನಾಟಕ ಸಂಗೀತವೂ ಹಿಂದೂಸ್ತಾನಿ ಸಂಗೀತವೂ ಸೇರಿವೆ. ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳು, ಸಂಗೀತದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ತಲೆಮಾರುಗಳಿಂದ ನಡೆದುಬಂದಿವೆ. ಬಹುಕಾಲ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ನಡೆಸುತ್ತಿದ್ದ ಸಂಗೀತ ಪರೀಕ್ಷೆಗಳು ಈಗ ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂದಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ ಕಲೆಗೂ ವಿಜ್ಞಾನಕ್ಕೂ ನಡುವೆ, ಪಠ್ಯಕ್ಕೂ ಪಠ್ಯೇತರಕ್ಕೂ ನಡುವೆ ಗೋಡೆ ಇರಬಾರದೆಂದು ಸ್ಪಷ್ಟವಾಗಿ ಹೇಳಿದೆ. ಬಾಗಿಲುಗಳು ಇವೆ, ಬಾಗಿಲವರೆಗೆ ನಡೆಸಿಕೊಂಡು ಹೋಗುವವರು ಬೇಕಾಗಿದ್ದಾರೆ.

ಇನ್ನು ಪಾಠದ ಕ್ರಮವನ್ನು ನೋಡೋಣ. ಮೊದಲು ಸಂಗೀತ.

ದೂರದ ಸಂಗೀತ ಪಾಠಕ್ಕೆ ಮೊದಲ ಶತ್ರು ಕಾಲವಿಳಂಬ. ನಾದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಹೋಗುತ್ತದೆ. ಹತ್ತು ಮೀಟರ್ ದೂರದಲ್ಲಿ ಕುಳಿತವರ ಹಾಡು ನಮ್ಮ ಕಿವಿಗೆ ಬರುವುದಕ್ಕೆ ಸೆಕೆಂಡಿನ ನೂರರಲ್ಲಿ ಮೂರು ಪಾಲು ಸಾಕು. ಅಷ್ಟನ್ನು ಕಿವಿ ಸಹಿಸುತ್ತದೆ. ಅದಕ್ಕಿಂತ ಹೆಚ್ಚಾದರೆ ಜೊತೆಗೂಡಿ ಹಾಡುವುದು ಕಷ್ಟವಾಗುತ್ತದೆ. ಅಂತರ್ಜಾಲದಲ್ಲಿ ಮಾತು ಹೋಗಿ ಮುಟ್ಟುವುದಕ್ಕೆ ಸೆಕೆಂಡಿನ ಹತ್ತರಲ್ಲಿ ಒಂದೆರಡು ಪಾಲು ಹಿಡಿಯುವುದು ಸಾಮಾನ್ಯ. ಮಾತುಕತೆಯಲ್ಲಿ ಇದು ತಿಳಿಯುವುದೇ ಇಲ್ಲ. ಸರಳೆ ವರಸೆಯಲ್ಲಿ ತಿಳಿಯುತ್ತದೆ. ಮೊದಲನೆಯ ಕಾಲದಲ್ಲಿ ಸೆಕೆಂಡಿಗೆ ಒಂದು ಸ್ವರ ಹಾಡಿದರೆ ಮೂರನೆಯ ಕಾಲದಲ್ಲಿ ನಾಲ್ಕು ಸ್ವರ ಬರಬೇಕು. ಒಂದೊಂದು ಸ್ವರಕ್ಕೆ ಕಾಲು ಸೆಕೆಂಡು. ಅಲ್ಲಿ ಹತ್ತರಲ್ಲಿ ಎರಡು ಪಾಲು ತಡವಾದರೆ ಗುರು ರಿಷಭದಲ್ಲಿದ್ದಾಗ ಶಿಷ್ಯೆಯ ಕಿವಿಯಲ್ಲಿ ಇನ್ನೂ ಷಡ್ಜವೇ ಇರುತ್ತದೆ. ಅವಳು ಸರಿಯಾಗಿ ಹಾಡಿದರೂ ಗುರುವಿಗೆ ತಾಳ ತಪ್ಪಿದಂತೆ ಕೇಳಿಸುತ್ತದೆ.

ಎರಡನೆಯ ತೊಡಕು ಇನ್ನೂ ಸ್ವಾರಸ್ಯವಾದದ್ದು. ದೂರದ ಮಾತುಕತೆಗೆಂದು ಮಾಡಿದ ಈ ಯಂತ್ರಗಳು ಮನುಷ್ಯನ ಮಾತನ್ನು ಎತ್ತಿಹಿಡಿದು, ಒಂದೇ ಸಮನೆ ಬರುವ ಶಬ್ದವನ್ನು ಫ್ಯಾನಿನ ಸದ್ದೆಂದು ತಿಳಿದು ಅಳಿಸಿಹಾಕುತ್ತವೆ. ಒಂದೇ ಸಮನೆ ಮಿಡಿಯುವುದು ತಂಬೂರಿಯ ಧರ್ಮ. ಆದುದರಿಂದ ಯಂತ್ರದ ದೃಷ್ಟಿಯಲ್ಲಿ ತಂಬೂರಿ ಗದ್ದಲ. ನಮ್ಮ ಸಂಗೀತ ಯಾವ ನೆಲದ ಮೇಲೆ ನಿಂತಿದೆಯೋ ಆ ನೆಲವನ್ನೇ ಅದು ತೆಗೆದುಬಿಡುತ್ತದೆ. ಇಬ್ಬರು ಒಟ್ಟಿಗೆ ಹಾಡಿದರೆ ಒಬ್ಬರ ದನಿಯನ್ನು ತಡೆಯುವುದೂ ಉಂಟು. ಕೆಲವು ವ್ಯವಸ್ಥೆಗಳಲ್ಲಿ ಈ ಸೋಸುವಿಕೆಯನ್ನು ನಿಲ್ಲಿಸಿ ಮೂಲದ ಶಬ್ದವನ್ನೇ ಕಳುಹಿಸುವ ಅನುಕೂಲವಿದೆ. ಸಂಗೀತ ಪಾಠಕ್ಕೆ ಕೂರುವವರು ಮೊದಲು ಮಾಡಬೇಕಾದ ಕೆಲಸ ಅದು.

ಇವುಗಳಿಗೆ ಉಪಾಯ ನಮ್ಮ ಹಳೆಯ ಪಾಠಕ್ರಮದಲ್ಲಿಯೇ ಇದೆ. ಗುರು ಒಂದು ಸಾಲು ಹೇಳಿಕೊಡುತ್ತಾರೆ. ಶಿಷ್ಯ ಕೇಳಿ ಅದನ್ನು ಒಪ್ಪಿಸುತ್ತಾನೆ. ಒಬ್ಬರು ಹಾಡುವಾಗ ಇನ್ನೊಬ್ಬರು ಸುಮ್ಮನಿರುವ ಈ ಕ್ರಮಕ್ಕೆ ವಿಳಂಬ ಅಷ್ಟಾಗಿ ತೊಂದರೆ ಕೊಡದು. ಶ್ರುತಿಪೆಟ್ಟಿಗೆ ಮಗುವಿನ ಬಳಿ ಇರಬೇಕು. ತಾಳವನ್ನು ಮಗು ತನ್ನ ತೊಡೆಯ ಮೇಲೆಯೇ ಹಾಕಿಕೊಳ್ಳಬೇಕು. ವಾರದ ಪಾಠವನ್ನು ಅಭ್ಯಾಸ ಮಾಡಿ, ದನಿಮುದ್ರಿಸಿ ಗುರುವಿಗೆ ಕಳುಹಿಸಬೇಕು. ಗುರು ಬಿಡುವಾಗಿ ಕುಳಿತು ಎರಡು ಮೂರು ಸಲ ಕೇಳಿ, ಯಾವ ಗಮಕ ಎಲ್ಲಿ ಜಾರಿತೆಂದು ಹೇಳಬಹುದು. ನಲವತ್ತು ಮಕ್ಕಳು ಒಟ್ಟಿಗೆ ಕಿರುಚುವ ತರಗತಿಯಲ್ಲಿ ಅಂಥ ಬಿಡಿ ಗಮನ ಯಾವ ಮಗುವಿಗೂ ಸಿಗುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಪ್ರೌಢಶಾಲೆಯ ವಯಸ್ಸಿಗೆ ಸಂಬಂಧಿಸಿದ ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಹನ್ನೆರಡರಿಂದ ಹದಿನೈದರೊಳಗೆ ಹುಡುಗರ ದನಿ ಒಡೆಯುತ್ತದೆ. ಗಂಟಲಿನ ಧ್ವನಿತಂತುಗಳು ಬೆಳೆದು ಕಂಠ ಹೆಚ್ಚು ಕಡಮೆ ಒಂದು ಸ್ಥಾಯಿಯಷ್ಟು ಕೆಳಕ್ಕೆ ಇಳಿಯುತ್ತದೆ. ನಿನ್ನೆ ಸುಲಭವಾಗಿ ಮುಟ್ಟಿದ ತಾರಷಡ್ಜ ಇವತ್ತು ಸಿಗುವುದಿಲ್ಲ. ಹುಡುಗಿಯರ ಕಂಠವೂ ಸ್ವಲ್ಪ ಬದಲಾಗುತ್ತದೆ. ಎದುರಿಗೆ ಕುಳಿತ ಗುರು ಇದನ್ನು ಗುರುತಿಸಿ ಶ್ರುತಿ ಇಳಿಸುತ್ತಾರೆ, ಮಂದ್ರಸಾಧನೆ ಮಾಡಿಸುತ್ತಾರೆ. ಮೊದಲೇ ಮುದ್ರಿಸಿಟ್ಟ ಪಾಠಕ್ಕೆ ಈ ಕರುಣೆಯಿಲ್ಲ. ಅದು ಎಲ್ಲರಿಗೂ ಒಂದೇ ಶ್ರುತಿಯಲ್ಲಿ ಹಾಡುತ್ತದೆ. ಹುಡುಗ ತನಗೆ ಸಂಗೀತ ಬಾರದೆಂದು ತೀರ್ಮಾನಿಸಿ ಬಿಟ್ಟುಬಿಡುತ್ತಾನೆ. ಮಣ್ಣಿನ ಗುರು ತಪ್ಪನ್ನು ತಿದ್ದಲಾರ. ಮುದ್ರಿತ ಪಾಠ ಎಷ್ಟೇ ಸೊಗಸಾಗಿರಲಿ, ಅದರ ಹಿಂದೆ ಕೇಳುವ ಕಿವಿಯೊಂದು ಇಲ್ಲದಿದ್ದರೆ ಅದನ್ನು ಪಾಠವೆಂದು ಕರೆಯಲಾಗದು.

ಚಿತ್ರಕಲೆಯ ಸ್ಥಿತಿ ಕೊಂಚ ಉತ್ತಮ. ಇಲ್ಲಿ ವಿಳಂಬದ ಕಾಟವಿಲ್ಲ. ತರಗತಿಯ ಕೊನೆಯ ಬೆಂಚಿನ ಹುಡುಗನಿಗೆ ಮೇಷ್ಟರ ಬೆನ್ನು ಮಾತ್ರ ಕಾಣುತ್ತದೆ. ಫೋನಿನ ತೆರೆಯಲ್ಲಿ ಅವರ ಕೈಯೇ ಹತ್ತಿರದಿಂದ ಕಾಣುತ್ತದೆ. ಪೆನ್ಸಿಲನ್ನು ಹೇಗೆ ಓರೆಯಾಗಿ ಹಿಡಿದರು, ಕುಂಚದಲ್ಲಿ ನೀರು ಎಷ್ಟಿತ್ತು ಎಂಬುದೆಲ್ಲ ತಿಳಿಯುತ್ತದೆ. ಆದರೂ ಎರಡು ಸಂಗತಿಗಳು ನೆನಪಿನಲ್ಲಿರಬೇಕು. ತೆರೆಯ ಬಣ್ಣ ಬೆಳಕಿನ ಬಣ್ಣ. ಕೆಂಪು ಬೆಳಕಿಗೆ ಹಸಿರು ಬೆಳಕು ಸೇರಿದರೆ ಹಳದಿಯಾಗುತ್ತದೆ. ಕೆಂಪು ಬಣ್ಣಕ್ಕೆ ಹಸಿರು ಬಣ್ಣ ಕಲಸಿದರೆ ಕಂದು ಕೆಸರಾಗುತ್ತದೆ. ತೆರೆಯಲ್ಲಿ ನೋಡಿದ ಬಣ್ಣವನ್ನೇ ಕಾಗದದ ಮೇಲೆ ತರಲು ಹೊರಟ ಮಗು ಸುಮ್ಮನೆ ಸೋಲುತ್ತದೆ. ಫೋನಿನ ಕ್ಯಾಮರಾ ಹತ್ತಿರದ ವಸ್ತುವನ್ನು ಉಬ್ಬಿಸಿ ತೋರಿಸುತ್ತದೆ ಎಂಬುದು ಇನ್ನೊಂದು. ಫೋಟೋ ನೋಡಿ ಬರೆಯುವುದನ್ನೇ ಅಭ್ಯಾಸ ಮಾಡಿದವರು ಆ ಉಬ್ಬನ್ನೇ ಸತ್ಯವೆಂದು ನಂಬುತ್ತಾರೆ. ಆದುದರಿಂದ ದೂರದ ಮೇಷ್ಟರು ಮಗುವಿಗೆ ಕೊಡಬೇಕಾದ ಮೊದಲ ಆಜ್ಞೆ, ತೆರೆಯಿಂದ ಕಣ್ಣು ತೆಗೆದು ಎದುರಿಗಿರುವ ವಸ್ತುವನ್ನು ನೋಡು ಎಂಬುದು.

ಎದುರಿಗೆ ಏನಿದೆ? ಈ ಸೀಮೆಯಲ್ಲಿ ಬೇಕಾದಷ್ಟಿದೆ. ಶಿಡ್ಲಘಟ್ಟ ರೇಷ್ಮೆಗೂಡಿನ ಮಾರುಕಟ್ಟೆಗೆ, ನೂಲು ಬಿಚ್ಚಾಣಿಕೆಗೆ ಹೆಸರಾದ ಊರು. ಅಲ್ಲಿಯ ಹಳ್ಳಿಯ ಮನೆಗಳಲ್ಲಿ ಗೋಡೆಗೆ ಒರಗಿ ನಿಂತ ಚಂದ್ರಿಕೆಗಳನ್ನು ನೋಡಿ. ಹಣ್ಣಾದ ಹುಳುಗಳನ್ನು ಬಿಡುವ ಆ ಬಿದಿರಿನ ತಟ್ಟಿಯ ಮೇಲೆ ದಬ್ಬೆ ಸುತ್ತುಸುತ್ತಾಗಿ ಹೊರಗಿನಿಂದ ನಡುವಿನವರೆಗೆ ಸುರುಳಿಯಾಗಿ ಹೋಗಿರುತ್ತದೆ. ಸುರುಳಿಯ ರೇಖೆ, ಅದರ ನೆರಳು, ನಡುನಡುವೆ ಹಳದಿ ಬಿಳಿ ಗೂಡುಗಳು. ಇದಕ್ಕಿಂತ ಒಳ್ಳೆಯ ರೇಖಾಭ್ಯಾಸವನ್ನು ಯಾವ ಪಠ್ಯಪುಸ್ತಕ ಕೊಟ್ಟೀತು? ಮಗು ಹುಟ್ಟಿದಾಗಿನಿಂದ ನೋಡುತ್ತಿರುವ ವಸ್ತುವನ್ನು ಮೊದಲ ಸಲ ಗಮನವಿಟ್ಟು ನೋಡುವಂತೆ ಮಾಡುವುದೇ ಚಿತ್ರಕಲೆಯ ಪಾಠ.

ಚಿಕ್ಕಬಳ್ಳಾಪುರದ ಮಕ್ಕಳಿಗೆ ನಂದಿ ಗ್ರಾಮ ಪಕ್ಕದಲ್ಲಿಯೇ ಇದೆ. ಅಲ್ಲಿಯ ಭೋಗನಂದೀಶ್ವರ ದೇವಾಲಯದ ಮೂಲ ಒಂಬತ್ತನೆಯ ಶತಮಾನದಷ್ಟು ಹಳೆಯದು. ಮುಂದೆ ಬಂದ ಅರಸರು ಅದನ್ನು ಬೆಳೆಸುತ್ತ ಹೋದರು. ಕಪ್ಪು ಕಲ್ಲಿನ ಕಲ್ಯಾಣಮಂಟಪದ ಕಂಬಗಳಲ್ಲಿ ಬಳ್ಳಿ, ಗಿಳಿ, ದಂಪತಿಗಳ ಶಿಲ್ಪಗಳಿವೆ. ಹಿಂದೆ ಶೃಂಗಿ ತೀರ್ಥವೆಂಬ ಮೆಟ್ಟಿಲುಗಳ ಕಲ್ಯಾಣಿ. ರವಿವಾರ ಬೆಟ್ಟಕ್ಕೆ ಹೋಗುವ ಜನರ ಗುಂಪು ಈ ಗುಡಿಯನ್ನು ದಾಟಿಕೊಂಡೇ ಹೋಗುತ್ತದೆ. ಕಲ್ಯಾಣಿಯ ಮೆಟ್ಟಿಲುಗಳನ್ನು ಬರೆದ ಹುಡುಗನಿಗೆ ಪರ್ಸ್ಪೆಕ್ಟಿವ್ ಎಂದರೇನೆಂದು ಬೇರೆ ವಿವರಿಸಬೇಕಾಗಿಲ್ಲ. ದೂರದ ಮೇಷ್ಟರು ಶಿಲ್ಪದ ಚರಿತ್ರೆಯನ್ನು ತೆರೆಯ ಮೇಲೆ ಹೇಳಲಿ. ಶಿಲ್ಪವನ್ನು ಮಾತ್ರ ಮಗು ಹೋಗಿ ನೋಡಲಿ.

ಸಂಗೀತದಲ್ಲಿಯೂ ಇದೇ ಮಾತು. ಚಿಂತಾಮಣಿಗೆ ಸಮೀಪದ ಕೈವಾರ ತಾತಯ್ಯನವರ ಊರು. ಬಳೆ ಮಾರುತ್ತಿದ್ದ ಈ ಯೋಗಿ ನಾರೇಯಣರು ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ತೆಲುಗು, ಕನ್ನಡ ಎರಡರಲ್ಲಿಯೂ ಕೀರ್ತನೆ, ತತ್ತ್ವಪದಗಳನ್ನು ರಚಿಸಿದರು. ಗುರುಪೂರ್ಣಿಮೆಗೆ ಅಲ್ಲಿ ಪ್ರತಿವರ್ಷ ದೊಡ್ಡ ಸಂಗೀತೋತ್ಸವ ನಡೆಯುತ್ತದೆ. ಈ ಸೀಮೆಯ ಮಕ್ಕಳು ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಇನ್ನೊಂದು ನುಡಿ ಆಡುವವರು. ತೆಲುಗು ಮನೆಯ ಮಗುವಿಗೆ ತತ್ತ್ವಪದ ಎರಡು ನುಡಿಗಳ ನಡುವಿನ ಸೇತುವೆಯಾಗಬಲ್ಲದು. ಬೆಂಗಳೂರಿನಿಂದಲೋ ಚೆನ್ನೈನಿಂದಲೋ ಬರುವ ಸಿದ್ಧ ಪಾಠದಲ್ಲಿ ಇದಕ್ಕೆ ಜಾಗವಿರುವುದಿಲ್ಲ.

ಇಲ್ಲಿ ಇನ್ನೂ ಗಂಭೀರವಾದ ಪ್ರಶ್ನೆಯೊಂದು ಏಳುತ್ತದೆ. ಸಂಗೀತವೆಂದರೆ ಯಾವ ಸಂಗೀತ? ಐಚ್ಛಿಕ ವಿಷಯವೆಂದೊಡನೆ ನಮ್ಮ ಮನಸ್ಸಿಗೆ ವೀಣೆ, ಪಿಟೀಲು, ಹಾರ್ಮೋನಿಯಮ್ ಬರುತ್ತವೆ. ತಮಟೆ ಬರುವುದಿಲ್ಲ. ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡಿ, ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದು ಕೈಯಲ್ಲಿ ತೆಳುವಾದ ಕಡ್ಡಿ ಹಿಡಿದು ನುಡಿಸುವ ಈ ವಾದ್ಯದ ಲಯವಿನ್ಯಾಸ ಸಾಮಾನ್ಯವಾದುದಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ವಾದಕ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ರಾಷ್ಟ್ರ ಗೌರವಿಸಿದ ಕಲೆಯನ್ನು ಆ ಜಿಲ್ಲೆಯ ಶಾಲೆಯ ಪಟ್ಟಿ ಇನ್ನೂ ಗುರುತಿಸಬೇಕಾಗಿದೆ. ಬಹುಕಾಲದಿಂದ ದಲಿತರ ಕೈಯಲ್ಲಿ ಇರುವ ವಾದ್ಯ ಇದು. ಹಬ್ಬಕ್ಕೂ ಸಾವಿಗೂ ಅವರನ್ನು ಕರೆಸಿ ನುಡಿಸಿದ ಊರು, ಅವರನ್ನು ವಿದ್ವಾಂಸರೆಂದು ಕರೆಯಲಿಲ್ಲ. ತಂದೆ ತಮಟೆ ನುಡಿಸುತ್ತಾನೆಂದು ಹೇಳಿಕೊಳ್ಳಲು ಸಂಕೋಚಪಡುವ ಹುಡುಗನ ಎದುರಿಗೆ ಅದೇ ವಾದ್ಯ ಅಂಕ ಬರುವ ವಿಷಯವಾಗಿ ನಿಂತರೆ ಅವನ ತಲೆ ಸ್ವಲ್ಪ ಮೇಲಕ್ಕೆ ಏಳಬಹುದು. ಆದರೆ ಅದು ಅವನಿಗೇ ಮೀಸಲಾದ ವಿಷಯವಾಗಬಾರದು. ಅವನು ವೀಣೆಯನ್ನು ಆರಿಸಿಕೊಳ್ಳಬಹುದು. ಅಗ್ರಹಾರದ ಹುಡುಗ ತಮಟೆಯನ್ನು ಆರಿಸಿಕೊಳ್ಳಬಹುದು. ಹೀಗೆ ಆಗುವಂತಿದ್ದರೆ ಮಾತ್ರ ಐಚ್ಛಿಕವೆಂಬ ಮಾತಿಗೆ ಅರ್ಥ ಬರುತ್ತದೆ.

ಕಲೆಯ ಕಡೆಗೆ ಹೋದ ಮಗುವಿಗೆ ವಿಜ್ಞಾನ ತಪ್ಪಿಹೋಗುತ್ತದೆಂಬ ಭಯ ತಂದೆತಾಯಿಗಳಿಗೆ ಇರುವುದು ಸಹಜ. ಅಂಥವರಿಗೆ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರೇ ಆದ ಡಾಕ್ಟರ್ ಎಚ್. ನರಸಿಂಹಯ್ಯನವರನ್ನು ನೆನಪಿಸಬಹುದು. 1920ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿ, ಭೌತವಿಜ್ಞಾನವನ್ನು ಓದಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದವರು ಅವರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದವರು ಲಲಿತಕಲಾ ಪರಿಷತ್ತನ್ನೂ ಕಟ್ಟಿದರು. ಮೂಢನಂಬಿಕೆಗಳನ್ನು ಪ್ರಶ್ನಿಸಿದ ಆ ನಿಷ್ಠುರ ವಿಜ್ಞಾನಿಗೆ ಸಂಗೀತ ನಾಟಕಗಳು ವಿದ್ಯಾರ್ಥಿಯ ಸಮಯ ಹಾಳುಮಾಡುವ ವಸ್ತುಗಳಾಗಿ ಕಾಣಲಿಲ್ಲ.

ಇಷ್ಟನ್ನು ಗಮನಿಸಿದ ಮೇಲೆ ಒಂದು ಏರ್ಪಾಡು ತಾನಾಗಿಯೇ ರೂಪುಗೊಳ್ಳುತ್ತದೆ. ಪಾಠ ಮನೆಯ ಮೂಲೆಯ ಫೋನಿಗೆ ಬರುವುದಕ್ಕಿಂತ ಶಾಲೆಯ ಒಂದು ಕೋಣೆಗೆ ಬರುವುದು ಮೇಲು. ಒಂದು ದೊಡ್ಡ ತೆರೆ, ಒಂದು ಒಳ್ಳೆಯ ಮೈಕು, ಒಂದು ಶ್ರುತಿಪೆಟ್ಟಿಗೆ, ಕೆಲವು ಕುಂಚ ಬಣ್ಣಗಳು. ಇವನ್ನು ನಾಲ್ಕಾರು ಶಾಲೆಗಳು ಸರದಿಯಲ್ಲಿ ಹಂಚಿಕೊಳ್ಳಬಹುದು. ತೆರೆಯ ಮೇಲೆ ವಿಷಯ ಬಲ್ಲ ಗುರು, ಕೋಣೆಯೊಳಗೆ ಊರಿನ ಒಬ್ಬ ಕಲಾವಿದ, ಹೀಗೆ ಇಬ್ಬರಿರಬೇಕು. ಭಜನೆ ಮಂಡಳಿಯ ಹಿರಿಯರಿರಬಹುದು, ತಮಟೆ ನುಡಿಸುವವರಿರಬಹುದು, ಅಂಗಡಿಗಳ ನಾಮಫಲಕ ಬರೆಯುವವರಿರಬಹುದು. ಅವರಿಗೆ ಪದವಿ ಇಲ್ಲದಿರಬಹುದು. ಮಗುವಿನ ಕೈ ಹಿಡಿದು ತಿದ್ದುವ ಕೈ ಇದೆ. ಆ ಕೈಗೆ ಸಂಭಾವನೆ ಸಲ್ಲಬೇಕು, ದಾನದಂತೆ ಅಲ್ಲ, ಉಪಾಧ್ಯಾಯರಿಗೆ ಸಲ್ಲುವಂತೆ.

ಪಾಠದ ಸಮಯವನ್ನೂ ಊರಿನ ದುಡಿಮೆಗೆ ಹೊಂದಿಸಬೇಕು. ಹುಳು ಹಣ್ಣಾಗುವ ದಿನಗಳಲ್ಲಿ ರೇಷ್ಮೆ ಸಾಕುವ ಮನೆಯ ಮಕ್ಕಳಿಗೆ ಕಣ್ಣು ಮುಚ್ಚುವಷ್ಟು ಬಿಡುವಿರುವುದಿಲ್ಲ. ಸೊಪ್ಪು ಕೊಯ್ಯಬೇಕು, ಹುಳು ಆರಿಸಬೇಕು. ಆ ವಾರದ ಪಾಠವನ್ನು ಮುದ್ರಿಸಿಟ್ಟರೆ ಮುಂದಿನ ವಾರ ಕೇಳಬಹುದು. ಮುದ್ರಿತ ಪಾಠದ ನಿಜವಾದ ಉಪಯೋಗ ಇದು. ಗುರುವಿನ ಸ್ಥಾನವನ್ನು ಅದಕ್ಕೆ ಕೊಡದೆ, ತಪ್ಪಿಹೋದ ಪಾಠವನ್ನು ತುಂಬಿಕೊಳ್ಳುವ ಕೆಲಸವನ್ನು ಅದಕ್ಕೆ ವಹಿಸಬೇಕು. ವರ್ಷದ ಕೊನೆಗೆ ಲೋಯರ್ ಗ್ರೇಡಿಗೋ ಜೂನಿಯರ್ ಪರೀಕ್ಷೆಗೋ ಮಗುವನ್ನು ಕೂರಿಸಬಹುದು. ಅದರ ಜೊತೆಗೆ ಊರಿನ ಜನರೆದುರು ಒಂದು ಸಂಜೆ ಹಾಡಿಸಿ, ಶಾಲೆಯ ಗೋಡೆಯ ಮೇಲೆ ಚಿತ್ರಗಳನ್ನು ತೂಗುಹಾಕಿದರೆ ಆ ಪರೀಕ್ಷೆಯೂ ಆದಂತಾಗುತ್ತದೆ.

ಈ ಮಕ್ಕಳೆಲ್ಲರೂ ಗಾಯಕರೋ ಚಿತ್ರಕಾರರೋ ಆಗುವುದಿಲ್ಲ. ಆಗಬೇಕೆಂಬ ನಿಯಮವೂ ಇಲ್ಲ. ಹೆಚ್ಚಿನವರು ರೇಷ್ಮೆ, ತರಕಾರಿ, ಗಾರ್ಮೆಂಟ್ಸ್, ಕಚೇರಿ ಎಂದು ತಮ್ಮ ತಮ್ಮ ಜೀವನದ ದಾರಿ ಹಿಡಿಯುತ್ತಾರೆ. ಆದರೆ ದಿನದ ಕೆಲಸ ಮುಗಿಸಿ ಒಂದು ಪದವನ್ನು ಶ್ರುತಿಯಲ್ಲಿ ಗುನುಗಬಲ್ಲವನಿಗೂ, ನಂದಿಯ ಕಂಬದ ಮುಂದೆ ಒಂದು ಗಳಿಗೆ ನಿಲ್ಲಬಲ್ಲವಳಿಗೂ ಬದುಕು ಅಷ್ಟರಮಟ್ಟಿಗೆ ವಿಸ್ತಾರವಾಗಿರುತ್ತದೆ. ಆ ವಿಸ್ತಾರ ನಗರದ ಮಕ್ಕಳಿಗೆ ಹಣಕ್ಕೆ ಸಿಗುತ್ತಿದೆ. ಚಿಂತಾಮಣಿಯ ಮಗುವಿಗೂ ಗೌರಿಬಿದನೂರಿನ ಮಗುವಿಗೂ ಅದು ಶಾಲೆಯಲ್ಲಿಯೇ ಸಿಗುವಂತಾಗಬೇಕು.